ಚಿಕ್ಕಮ್ಮನ ಫೋನು 25% ಇದ್ದಾಗ್ಲೇ ಆಫ್ ಆಗೋದು ಯಾಕೆ

ಚಿಕ್ಕಮ್ಮ, ನೀವು ಬೆಳಿಗ್ಗೆ ಹಾಕಿದ ಮೆಸೇಜ್ ಈಗ ನೋಡಿದೆ. ಮೂರು ವರ್ಷದ ಫೋನು, 25% ಚಾರ್ಜ್ ತೋರಿಸ್ತಿರುವಾಗ್ಲೇ ಪಟ್ ಅಂತ ಆಫ್ ಆಗತ್ತೆ, ಕ್ಯಾಮರಾ ತೆಗೆದ್ರೆ ಗ್ಯಾರಂಟಿ, ಜೊತೆಗೆ ತುಂಬಾ ಸ್ಲೋ ಅಂತ ಬರ್ದಿದೀರಿ. ಅದಕ್ಕೆ ಭಾವ, "ಮೂರು ವರ್ಷಕ್ಕೆ ಕೆಡ್ಲಿ ಅಂತಾನೇ ಕಂಪನಿಯವರು ಮಾಡಿರ್ತಾರೆ, ಹೊಸದು ತಗೊಂಡ್ಬಿಡಿ" ಅಂದಿದಾರೆ. ಹೊಸದು ತಗೊಳ್ಬೇಡಿ, ಈಗಲೇ ಬೇಡ. ಸ್ವಲ್ಪ ಉದ್ದ ಆಗತ್ತೆ, ಕೆಲಸ ಮಾಡ್ತಾ ಕೇಳಿ.

ನೀವು ಹೇಳಿದ ಲಕ್ಷಣ ಬ್ಯಾಟರಿದು. ಲಿಥಿಯಂ ಬ್ಯಾಟರಿ ಹಳೇದಾಗ್ತಾ ಅದರಲ್ಲಿ ಎರಡು ಬದಲಾವಣೆ ಆಗತ್ತೆ. ಹಿಡಿಯೋ ಚಾರ್ಜ್ ಕಮ್ಮಿ ಆಗತ್ತೆ, ಇದು ಎಲ್ಲರಿಗೂ ಗೊತ್ತಿರೋದು. ಇನ್ನೊಂದು, ಒಳಗಿನ ರೆಸಿಸ್ಟೆನ್ಸ್, ಅಂದ್ರೆ ಕರೆಂಟ್ ಹರಿಯೋಕೆ ಇರೋ ತಡೆ, ಏರತ್ತೆ. ಮನೆ ಮೇಲಿನ ಟ್ಯಾಂಕಲ್ಲಿ ನೀರಿದೆ ಅಂತಿಟ್ಕೊಳ್ಳಿ, ಆದ್ರೆ ಪೈಪಿನೊಳಗೆ ಪದರ ಕಟ್ಟಿದೆ. ಒಂದು ನಲ್ಲಿ ಬಿಟ್ರೆ ನೀರು ಬರತ್ತೆ, ನಾಲ್ಕು ನಲ್ಲಿ ಒಟ್ಟಿಗೆ ಬಿಟ್ರೆ ಸಣ್ಣ ದಾರ. ಕ್ಯಾಮರಾ ತೆಗೆದಾಗ ಸ್ಕ್ರೀನು, ಸೆನ್ಸರ್, ಪ್ರೊಸೆಸರ್ ಎಲ್ಲಾ ಒಂದೇ ಸಲ ಕರೆಂಟ್ ಎಳೀತವೆ. ಆ ಕ್ಷಣಕ್ಕೆ ವೋಲ್ಟೇಜ್ ಕುಸಿದು ಫೋನಿಗೆ ಬೇಕಾದ ಕನಿಷ್ಠಕ್ಕಿಂತ ಕೆಳಗೆ ಹೋಗತ್ತೆ, ಫೋನ್ ಆಫ್. ಚಾರ್ಜರಿಗೆ ಹಾಕಿ ಆನ್ ಮಾಡಿದ ತಕ್ಷಣ ಮತ್ತೆ 20% ಮೇಲೇ ತೋರಿಸಿದ್ರೆ ಇದೇ ಕಾರಣ ಅಂತ ಹೆಚ್ಚುಕಮ್ಮಿ ಖಚಿತ. ಚಳಿಯಲ್ಲಿ ಇದು ಇನ್ನೂ ಜಾಸ್ತಿ.

ಭಾವ ಹೇಳಿದ್ದರಲ್ಲಿ ನಿಜಾನೂ ಇದೆ, ಅದನ್ನ ತಳ್ಳಿಹಾಕೋದಿಲ್ಲ. 2017ರ ಜನವರಿಯಲ್ಲಿ ಆಪಲ್ ಒಂದು ಅಪ್‌ಡೇಟ್ ಬಿಡ್ತು, ಐಓಎಸ್ 10.2.1. ಬ್ಯಾಟರಿ ಸೋತ ಐಫೋನ್‌ಗಳು ಹೀಗೆ ಧುತ್ತಂತ ಆಫ್ ಆಗ್ಬಾರ್ದು ಅಂತ ಪ್ರೊಸೆಸರ್ ವೇಗಾನೇ ತಗ್ಗಿಸಿತ್ತು. ಜನಕ್ಕೆ ಸರಿಯಾಗಿ ಹೇಳ್ಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಒಪ್ಕೊಳ್ತು, 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕ್ತು. ತಪ್ಪು ಎಲ್ಲಿ ಅಂದ್ರೆ, ಬರೀ ಬ್ಯಾಟರಿ ಬದಲಿಸಿದ್ರೆ ವೇಗ ವಾಪಸ್ ಬರ್ತಿತ್ತು. ಅದು ಗೊತ್ತಿಲ್ದೆ ಎಷ್ಟೋ ಜನ ಫೋನೇ ಬದಲಿಸಿದ್ರು.

ಹಾಗಾಗಿ ಫೋನಿನೊಳಗೆ ಯಾವುದೋ ಗಡಿಯಾರ ಇಟ್ಟಿರ್ತಾರೆ ಅಂತ ಹುಡುಕೋದು ಬೇಡ. ಆಯಸ್ಸು ಕಮ್ಮಿ ಮಾಡೋದು ಕಣ್ಣಿಗೆ ಕಾಣೋ ಮೂರು ಸಂಗತಿ: ಬ್ಯಾಟರಿಯನ್ನ ಅಂಟು ಹಾಕಿ ಕೂರಿಸೋದು, ಬೇರೆ ಬಿಡಿಭಾಗ ಹಾಕಿದ್ರೆ ಸೀರಿಯಲ್ ನಂಬರ್ ಹೊಂದಲ್ಲ ಅಂತ ಎಚ್ಚರಿಕೆ ತೋರಿಸಿ ಕೆಲವು ಸೌಲಭ್ಯ ನಿಲ್ಲಿಸೋದು, ಅಪ್‌ಡೇಟ್ ನಿಲ್ಲಿಸೋದು. ಯುರೋಪಿಯನ್ ಒಕ್ಕೂಟ ಇದನ್ನೇ ಹಿಡ್ಕೊಂಡಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರೋ ಫೋನಿನ ಬ್ಯಾಟರಿ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ 80% ಹಿಡೀಬೇಕು, ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಸಿಗ್ಬೇಕು. ಇದು ಎಲ್ಲಾ ದೇಶದಲ್ಲೂ ಬರ್ಬೇಕು.

ಈಗ ನಿಮ್ಮ ಫೋನ್. ಮೊದಲು ಕವರ್ ತೆಗೆದು, ಸ್ಕ್ರೀನ್ ಕೆಳಗೆ ಮಾಡಿ ಮೇಜಿನ ಮೇಲಿಡಿ. ಒಂದು ಮೂಲೆ ಮೆಲ್ಲಗೆ ಒತ್ತಿದ್ರೆ ತೂಗಾಡತ್ತಾ? ಪಕ್ಕದ ಅಂಚಲ್ಲಿ ಸ್ಕ್ರೀನಿಗೂ ಚೌಕಟ್ಟಿಗೂ ನಡುವೆ ಉಗುರು ಸಿಕ್ಕೋಷ್ಟು ಸಂದು ಬಿಟ್ಟಿದೆಯಾ, ಹಿಂದಿನ ಗಾಜು ಎದ್ದಿದೆಯಾ? ಹಾಗಿದ್ರೆ ಬ್ಯಾಟರಿ ಊದಿದೆ. ಆಫ್ ಮಾಡಿ, ಚಾರ್ಜಿಗೆ ಹಾಕ್ಲೇಬೇಡಿ, ಒತ್ತಿ ಕೂರಿಸೋಕೆ ಹೋಗ್ಬೇಡಿ, ದಿಂಬಿನ ಹತ್ರ ಇಡ್ಬೇಡಿ. ತೂತಾದ್ರೆ ಬೆಂಕಿ ಹತ್ತತ್ತೆ. ಕಸದ ಬುಟ್ಟಿಗೂ ಅಲ್ಲ, ಇ-ತ್ಯಾಜ್ಯ ತಗೊಳ್ಳೋ ಕಡೆಗೇ ಹೋಗ್ಬೇಕು.

ಊದಿಲ್ಲ ಅಂದ್ರೆ ನೆಮ್ಮದಿ, ಬ್ಯಾಟರಿ ಬದಲಿಸಿದ್ರೆ ಆಯ್ತು. ಕೊಡೋ ಮುಂಚೆ ಬ್ಯಾಕಪ್ ತಗೊಳ್ಳಿ, ಚಾರ್ಜ್ 25% ಒಳಗೆ ಇಳಿಸಿ. ತುಂಬಿದ ಬ್ಯಾಟರಿಗೆ ಪೆಟ್ಟು ಬಿದ್ರೆ ಅಪಾಯ ಜಾಸ್ತಿ. ರಿಪೇರಿಯವರನ್ನ ಮೂರು ಮಾತು ಕೇಳಿ. ಬ್ಯಾಟರಿ ಕಂಪನಿದಾ, ತಯಾರಾದ ತಾರೀಖು ಯಾವುದು? ಕಪಾಟಲ್ಲಿ ಮೂರು ವರ್ಷ ಕೂತ ಬ್ಯಾಟರಿ ಬಳಸದಿದ್ರೂ ಸವೆದಿರತ್ತೆ, ಹೊಸದು ಅನ್ನೋ ಹೆಸರಷ್ಟೇ. ಎರಡನೇದು, ಹಳೇ ಅಂಟು ಹೇಗೆ ಬಿಡಿಸ್ತೀರಿ? ಹಿಂಭಾಗ ಬಿಸಿ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹನಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸ್ತೀವಿ ಅಂದ್ರೆ ಸರಿ. ಸ್ಕ್ರೂಡ್ರೈವರ್ ಹಾಕಿ ಮೀಟೋರ ಹತ್ರ ಕೊಡ್ಬೇಡಿ, ಬ್ಯಾಟರಿ ಬಗ್ಗಿ ತೂತಾಗೋದು ಅಲ್ಲೇ. ಮೂರನೇದು, ಸುತ್ತಲಿನ ಸೀಲ್ ಅಂಟು ಹೊಸದು ಹಾಕ್ತೀರಾ? ಹಾಕಿದ್ರೂ ಆಮೇಲೆ ನೀರಿನಿಂದ ದೂರ ಇಡಿ. ವಾಪಸ್ ತಗೊಳ್ವಾಗ ಅಲ್ಲೇ ನಿಂತು ಒಂದು ಕರೆ ಮಾಡಿ, ಕಿವಿ ಹತ್ರ ಹಿಡಿದಾಗ ಸ್ಕ್ರೀನ್ ಕತ್ತಲಾಗತ್ತಾ, ಬೆರಳಚ್ಚು ಹಿಡಿಯತ್ತಾ ನೋಡಿ.

ಹೊಸ ಬ್ಯಾಟರಿ ಹಾಳಾಗದ ಹಾಗೆ ನೋಡ್ಕೊಳ್ಳೋದು ಹೇಗೆ ಅಂದ್ರೆ, ಶತ್ರು ನಂಬರ್ ಒನ್ ಬಿಸಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್, ಚಾರ್ಜ್ ಹಾಕ್ಕೊಂಡೇ ವಿಡಿಯೋ ಕಾಲ್, ದಿಂಬಿನ ಕೆಳಗೆ ಚಾರ್ಜಿಂಗ್, ಮೂರೂ ಬಿಡಿ. ಎರಡನೇ ಶತ್ರು 100% ತುಂಬಿಸಿ ಗಂಟೆಗಟ್ಟಲೆ ಇಡೋದು. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ 80%ಗೆ ನಿಲ್ಲಿಸೋ ಆಯ್ಕೆ ಇದ್ರೆ ಆನ್ ಮಾಡ್ಬಿಡಿ, ಆಮೇಲೆ ರಾತ್ರಿ ಹಾಕಿಟ್ರೂ ಚಿಂತೆ ಇಲ್ಲ. ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡ್ಬೇಕು ಅನ್ನೋದು ಹಳೇ ನಿಕ್ಕಲ್ ಬ್ಯಾಟರಿ ಕಾಲದ್ದು, ಇವಕ್ಕೆ ಅದೇ ಕೆಡುಕು.

ಅಂದ ಹಾಗೆ, ಚಾರ್ಜರ್ ಪಿನ್ ಅಲ್ಲಾಡತ್ತೆ ಅಂತ ಹೋದ ವಾರ ಅಕ್ಕ ಕೇಳಿದ್ರು. ಪೋರ್ಟ್ ಕೆಟ್ಟಿರೋದು ಕಮ್ಮಿ. ಜೇಬಿನ ಬಟ್ಟೆ ನೂಲು, ಧೂಳು ಒಳಗೆ ಹೋಗತ್ತೆ, ಪ್ರತಿ ಸಲ ಪಿನ್ ಅದನ್ನ ಒತ್ತೊತ್ತಿ ತಳದಲ್ಲಿ ಗಟ್ಟಿ ಹಾಸು ಮಾಡತ್ತೆ, ಆಮೇಲೆ ಪಿನ್ ಪೂರ್ತಿ ಇಳಿಯಲ್ಲ. ಫೋನ್ ಆಫ್ ಮಾಡಿ, ಟಾರ್ಚ್ ಬಿಟ್ಟು ನೋಡಿ, ಒಣಗಿದ ಮರದ ಹಲ್ಲುಕಡ್ಡಿಯಿಂದ ಗೋಡೆಗುಂಟ ಮೆಲ್ಲಗೆ ಕೆರೆದು ಹೊರಗೆಳೀರಿ. ಯುಎಸ್‌ಬಿ-ಸಿ ಆದ್ರೆ ನಡುವಿನ ತೆಳು ನಾಲಿಗೆ ಮುಟ್ಬೇಡಿ. ಸೂಜಿ, ಪಿನ್ನು ಬೇಡ್ವೇ ಬೇಡ.

ಸ್ಲೋ ಆಗಿರೋದಕ್ಕೆ ಬ್ಯಾಟರಿ ಜೊತೆ ಇನ್ನೊಂದು ಕಾರಣ ಇರ್ಬಹುದು, ಸ್ಟೋರೇಜ್ ತುಂಬಿರೋದು. ಫೋನಿನ ಮೆಮೊರಿ ಒಂದೊಂದೇ ಫೈಲ್ ಅಳಿಸಲ್ಲ, ಬ್ಲಾಕ್ ಬ್ಲಾಕ್ ಆಗಿ ಅಳಿಸತ್ತೆ. ಖಾಲಿ ಬ್ಲಾಕ್ ಇಲ್ದಿದ್ರೆ ಏನೇ ಬರೀಬೇಕಾದ್ರೂ ಮೊದಲು ಇರೋದನ್ನ ಆಚೆಗೀಚೆ ಸರಿಸ್ಬೇಕು, ಅಲ್ಲಿ ತಡ. 15% ಆದ್ರೂ ಖಾಲಿ ಇರ್ಲಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್, ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲ್‌ಗಳು ಒಟ್ಟಿಗೆ ಸಿಗ್ತವೆ. ನಮ್ಮ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳನ್ನ ಧಾರಾಳವಾಗಿ ಅಳಿಸಿ, ಯಾರೂ ಬೇಜಾರಾಗಲ್ಲ.

ನಮ್ಮ ಕೈಯಲ್ಲಿ ಇಲ್ದೇ ಇರೋದು ಸೆಕ್ಯುರಿಟಿ ಅಪ್‌ಡೇಟ್. ಅದು ನಿಂತು ವರ್ಷ ದಾಟಿದ್ರೆ ಆ ಫೋನಲ್ಲಿ ಬ್ಯಾಂಕಿನ ಆಪ್ ಬೇಡ, ಹಾಡು, ಅಲಾರಂ, ಕ್ಯಾಮರಾಗೆ ಆಗತ್ತೆ. ಮುಂದೆ ಯಾರು ತಗೊಂಡ್ರೂ ಎಷ್ಟು ವರ್ಷ ಅಪ್‌ಡೇಟ್ ಅಂತ ಮೊದಲು ಕೇಳಿ. ಪಿಕ್ಸೆಲ್ 8ಕ್ಕೆ 2023ರಲ್ಲಿ ಗೂಗಲ್‌ನವರು, ಗ್ಯಾಲಕ್ಸಿ ಎಸ್24ಕ್ಕೆ 2024ರಲ್ಲಿ ಸ್ಯಾಮ್‌ಸಂಗ್‌ನವರು 7 ವರ್ಷ ಕೊಡ್ತೀವಿ ಅಂದಿದಾರೆ. ಎಣಿಕೆ ಶುರು ಆಗೋದು ಮಾಡೆಲ್ ಬಿಡುಗಡೆ ಆದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಎರಡು ವರ್ಷ ಹಳೇ ಮಾಡೆಲ್ ಅಗ್ಗಕ್ಕೆ ಸಿಕ್ತು ಅಂದ್ರೆ ಎರಡು ವರ್ಷ ಆಗ್ಲೇ ಕಳೆದಿರತ್ತೆ.

ಚಿಕ್ಕಮ್ಮ, ಸೆಟ್ಟಿಂಗ್ಸ್, ಅಬೌಟ್ ಫೋನ್, ಆಂಡ್ರಾಯ್ಡ್ ವರ್ಷನ್ ಒತ್ತಿ. ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ತಾರೀಖು ಇರತ್ತೆ. ಅದರ ಸ್ಕ್ರೀನ್‌ಶಾಟು, ಫೋನಿನ ಪಕ್ಕದ ಅಂಚಿನ ಒಂದು ಫೋಟೋ ಇಲ್ಲಿ ಹಾಕಿ. ಫೋಟೋ ಚಿಕ್ಕಪ್ಪನ ಫೋನಲ್ಲಿ ತೆಗೀರಿ.