ಏಐ ಏಜೆಂಟ್ ಬಳಸುವ ಬಲ್ಕ್ ಡಿಲೀಟ್ ಟೂಲ್: ವಿವರಣೆಯಲ್ಲಿ ಏನೇನು ಬರೆಯಬೇಕು?

ಪ್ರಶ್ನೆ

ಟಾಸ್ಕ್ ನಿರ್ವಹಣೆಯ ತಂತ್ರಾಂಶವೊಂದಕ್ಕೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ (ಏಐ ಮಾಡೆಲ್‌ಗಳು ಹೊರಗಿನ ಟೂಲ್‌ಗಳನ್ನು ಬಳಸಲು ಇರುವ ಮಾನಕ) ಸರ್ವರ್ ಬರೆಯುತ್ತಿದ್ದೇನೆ. ಅದರಲ್ಲಿ ಹಲವು ಟಾಸ್ಕ್‌ಗಳನ್ನು ಒಮ್ಮೆಗೇ ಅಳಿಸುವ ಟೂಲ್ ಒಂದಿದ್ದು, ಮಾಡೆಲ್ ಓದುವ ಅದರ ವಿವರಣೆಯಲ್ಲಿ ಸದ್ಯಕ್ಕೆ ‘ಕೊಟ್ಟ ಟಾಸ್ಕ್‌ಗಳನ್ನು ಅಳಿಸುತ್ತದೆ’ ಎಂಬ ಒಂದೇ ಸಾಲಿದೆ. ನಿನ್ನೆ ಪರೀಕ್ಷಿಸುವಾಗ ಏಜೆಂಟ್ (ಟೂಲ್‌ಗಳನ್ನು ತಾನೇ ಕರೆದು ಕೆಲಸ ಮಾಡುವ ಏಐ ಮಾಡೆಲ್) 12 ಟಾಸ್ಕ್‌ಗಳ ಐಡಿಗಳನ್ನು ಕಳುಹಿಸಿತು. ಅವುಗಳಲ್ಲಿ 9 ಅಳಿದವು; ಉಳಿದ 3 ಮೊದಲೇ ಅಳಿದುಹೋಗಿದ್ದರಿಂದ ಟೂಲ್ ಇಡೀ ಕರೆಗೆ ‘ಟಾಸ್ಕ್ ಸಿಗಲಿಲ್ಲ’ ಎಂಬ ದೋಷವನ್ನು ಹಿಂದಿರುಗಿಸಿತು. ಏಜೆಂಟ್ ಅದೇ 12 ಐಡಿಗಳನ್ನು ಮತ್ತೆ ಕಳುಹಿಸಿ, ಈ ಬಾರಿ ಹನ್ನೆರಡೂ ಸಿಗದಿದ್ದುದನ್ನು ಕಂಡು, ‘ಯಾವ ಟಾಸ್ಕನ್ನೂ ಅಳಿಸಲು ಆಗಲಿಲ್ಲ’ ಎಂದು ವರದಿ ಕೊಟ್ಟಿತು. ವಿವರಣೆಯನ್ನು ಹಿಗ್ಗಿಸಿ ಬರೆದರೆ ಇದು ಸರಿಹೋಗುತ್ತದೆಯೇ, ಅಥವಾ ಟೂಲನ್ನೇ ಬದಲಿಸಬೇಕೇ?

ಉತ್ತರ 1

ಎರಡೂ ಬೇಕು, ಆದರೆ ಟೂಲ್ ಮೊದಲು. ಮಾಡೆಲ್ ಸುಳ್ಳು ಹೇಳಿಲ್ಲ. ನಿಮ್ಮ ಟೂಲ್ ಹೇಳಿದ್ದನ್ನೇ ಅದು ನಂಬಿತು. ಪ್ರತಿ ಐಡಿಗೂ ಪ್ರತ್ಯೇಕವಾಗಿ ‘ಅಳಿಸಲಾಗಿದೆ’, ‘ಮೊದಲೇ ಇರಲಿಲ್ಲ’, ‘ಅನುಮತಿ ಇಲ್ಲ’ ಎಂದು ಫಲಿತಾಂಶ ಬರುವಂತೆ ಮಾಡಿ. ಕೆಲವು ಅಳಿದು ಕೆಲವು ಉಳಿಯಬಹುದು ಎಂಬುದನ್ನೂ, ಉಳಿದವನ್ನು ಮಾತ್ರ ಮತ್ತೆ ಕಳುಹಿಸಬೇಕು ಎಂಬುದನ್ನೂ ವಿವರಣೆಯಲ್ಲಿ ನೇರವಾಗಿ ಬರೆಯಿರಿ. ‘ಮೊದಲೇ ಇರಲಿಲ್ಲ’ ಎಂಬುದನ್ನು ದೋಷವೆಂದು ಎಣಿಸದಿದ್ದರೆ ಅದೇ ಕರೆ ಎರಡನೆಯ ಬಾರಿ ಬಂದರೂ ಹಾನಿಯಿಲ್ಲ.

ಇನ್ನೊಂದು ಅಪಾಯ ನಿಮ್ಮ ಪ್ರಶ್ನೆಯಲ್ಲಿ ಕಾಣಿಸಿಲ್ಲ. ಖಾಲಿ ಪಟ್ಟಿ ಬಂದರೆ ಏನಾಗುತ್ತದೆ? ಐಡಿಗಳ ಬದಲು ಫಿಲ್ಟರ್ ಸ್ವೀಕರಿಸುವ ಟೂಲ್‌ಗಳಲ್ಲಿ ಖಾಲಿ ಫಿಲ್ಟರ್ ಎಂದರೆ ‘ಎಲ್ಲವೂ’ ಎಂದಾಗಿಬಿಡುವುದು ಅಪರೂಪವಲ್ಲ. ಆದ್ದರಿಂದ ಅಳಿಸುವ ಟೂಲ್ ಐಡಿಗಳನ್ನಷ್ಟೇ ಸ್ವೀಕರಿಸಲಿ, ಹುಡುಕುವ ಕೆಲಸ ಬೇರೆ ಟೂಲಿನದಾಗಲಿ. ಪಟ್ಟಿಯಲ್ಲಿ ಕನಿಷ್ಠ 1, ಗರಿಷ್ಠ ಇಷ್ಟು ಎಂಬ ಮಿತಿಯನ್ನು ಜೇಸನ್ ಸ್ಕೀಮಾದಲ್ಲಿ (ಟೂಲಿಗೆ ಬರುವ ಮಾಹಿತಿ ಹೇಗಿರಬೇಕೆಂದು ಹೇಳುವ ನಿಯಮಪಟ್ಟಿಯಲ್ಲಿ) ಮಿನ್‌ಐಟಮ್ಸ್ ಮತ್ತು ಮ್ಯಾಕ್ಸ್‌ಐಟಮ್ಸ್ ಮೂಲಕ ಹಾಕಿ, ಸರ್ವರಿನಲ್ಲಿಯೂ ಪರಿಶೀಲಿಸಿ. ವಾಕ್ಯದಲ್ಲಿ ಮಾತ್ರ ಬರೆದ ಮಿತಿಯನ್ನು ಮಾಡೆಲ್ ಒಂದಲ್ಲ ಒಂದು ದಿನ ಮೀರುತ್ತದೆ.

ಉತ್ತರ 2

ಮೇಲಿನದನ್ನು ಒಪ್ಪುತ್ತೇನೆ. ಆದರೆ ‘ಅಳಿಸುತ್ತದೆ’ ಎಂಬ ಕ್ರಿಯಾಪದದಲ್ಲೇ ಅರ್ಧ ತೊಂದರೆ ಇದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಬಳಕೆದಾರರೊಬ್ಬರು ಏಜೆಂಟಿಗೆ ‘ಇವನ್ನೆಲ್ಲ ಮುಗಿಸಿಬಿಡು’ ಎಂದಿದ್ದರು. ಪೂರ್ಣಗೊಂಡವೆಂದು ಗುರುತು ಹಾಕಬೇಕೆಂಬುದು ಅವರ ಉದ್ದೇಶವಾಗಿತ್ತು. ಏಜೆಂಟ್ ನಿಜವಾಗಿಯೂ ಮುಗಿಸಿಯೇಬಿಟ್ಟಿತು, ಎಲ್ಲವನ್ನೂ ಅಳಿಸಿತು. ಅದಾದ ಮೇಲೆ ನಾವು ವಿವರಣೆಯ ಎರಡನೆಯ ವಾಕ್ಯವನ್ನು ಹೀಗೆ ಬರೆದೆವು: ‘ಕೆಲಸ ಆಗಿದೆ ಎಂದು ಗುರುತಿಸಲು ಈ ಟೂಲನ್ನು ಬಳಸಬೇಡಿ, ಪೂರ್ಣಗೊಳಿಸುವ ಟೂಲನ್ನು ಬಳಸಿ, ಬಳಕೆದಾರರ ಮಾತಿನಿಂದ ಯಾವುದೆಂದು ಸ್ಪಷ್ಟವಾಗದಿದ್ದರೆ ಅವರನ್ನೇ ಕೇಳಿ.’ ಟೂಲನ್ನು ಯಾವಾಗ ಬಳಸಬಾರದು ಎಂದು ಹೇಳುವ ವಾಕ್ಯವೇ ನಮ್ಮ ಅನುಭವದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು.

ಉಪಟಾಸ್ಕ್‌ಗಳನ್ನೂ ಮರೆಯಬೇಡಿ. ಮೂಲ ಟಾಸ್ಕ್ ಅಳಿದರೆ ಅದರ ಕೆಳಗಿನವೂ ಹೋಗುತ್ತವೆಯೇ, ಮತ್ತೆ ಮತ್ತೆ ಬರುವ ಟಾಸ್ಕ್‌ನ ಒಂದು ದಿನದ ಸರದಿ ಮಾತ್ರ ಹೋಗುತ್ತದೆಯೇ ಅಥವಾ ಇಡೀ ಸರಣಿಯೇ, ಅಳಿದದ್ದನ್ನು ಕಸದ ಬುಟ್ಟಿಯಿಂದ ಮರಳಿ ಪಡೆಯಬಹುದೇ, ಪಡೆಯಬಹುದಾದರೆ ಯಾವ ಟೂಲ್‌ನಿಂದ, ಎಂಬುದೆಲ್ಲ ನಿಮ್ಮ ತಲೆಯಲ್ಲಿದೆಯೇ ಹೊರತು ಮಾಡೆಲ್ ಕಾಣುವ ಪಠ್ಯದಲ್ಲಿಲ್ಲ.

ಪ್ರಶ್ನೆ ಕೇಳಿದವರು

ಉಪಟಾಸ್ಕ್‌ಗಳೂ ಅಳಿಯುತ್ತವೆ, ಮರಳಿ ಪಡೆಯುವ ವ್ಯವಸ್ಥೆ ಇಲ್ಲ. ಇದನ್ನು ಬರೆಯುವಾಗಲೇ ನನಗೂ ಸ್ವಲ್ಪ ಭಯವಾಯಿತು. ಡಿಸ್ಟ್ರಕ್ಟಿವ್‌ಹಿಂಟ್ (ಈ ಟೂಲ್ ಹಾನಿ ಮಾಡಬಹುದು ಎಂದು ತಿಳಿಸುವ ಟಿಪ್ಪಣಿ) ಹಾಕಿದರೆ ದೃಢೀಕರಣದ ಹೊಣೆ ಕ್ಲೈಂಟಿನದೇ, ಅಂದರೆ ಏಜೆಂಟನ್ನು ನಡೆಸುವ ತಂತ್ರಾಂಶದ್ದೇ, ಆಗುವುದಿಲ್ಲವೇ?

ಉತ್ತರ 3

ಅದನ್ನೇ ನಂಬಿ ಕೂರಬೇಡಿ. ಈ ಟಿಪ್ಪಣಿಗಳು ಪ್ರೋಟೊಕಾಲಿನ 2025ರ ಮಾರ್ಚ್ ಆವೃತ್ತಿಯಲ್ಲಿ ಸೇರಿದವು. ಹೆಸರೇ ಹೇಳುವಂತೆ ಅವು ಸೂಚನೆಗಳಷ್ಟೇ. ಕ್ಲೈಂಟ್ ಅವನ್ನು ನೋಡಿ ಬಳಕೆದಾರರನ್ನು ಕೇಳಬಹುದು, ಕೇಳದೆಯೂ ಇರಬಹುದು. ಓದಲಷ್ಟೇ ಇರುವ ಟೂಲ್ ಎಂದು ನೀವು ಹೇಳದಿದ್ದಾಗ ಡಿಸ್ಟ್ರಕ್ಟಿವ್‌ಹಿಂಟ್‌ನ ಪೂರ್ವನಿಯೋಜಿತ ಮೌಲ್ಯ ಹೇಗೂ ‘ನಿಜ’ವೇ ಆಗಿರುತ್ತದೆ. ನೀವು ಕೈಯಾರೆ ಹಾಕಬೇಕಾದದ್ದು ಐಡೆಂಪೊಟೆಂಟ್‌ಹಿಂಟ್, ಅಂದರೆ ಅದೇ ಕರೆ ಮತ್ತೆ ಬಂದರೂ ಹೆಚ್ಚಿನ ಪರಿಣಾಮವಿಲ್ಲ ಎಂಬ ಸೂಚನೆ. ಅದರ ಪೂರ್ವನಿಯೋಜಿತ ಮೌಲ್ಯ ‘ಸುಳ್ಳು’. ಉತ್ತರ 1ರಲ್ಲಿ ಹೇಳಿದ ಬದಲಾವಣೆಯನ್ನು ಮಾಡಿದ ನಂತರವೇ ಅದನ್ನು ‘ನಿಜ’ ಎಂದು ಬದಲಿಸಿ.

ದೃಢೀಕರಣ ನಿಜವಾಗಿಯೂ ಬೇಕಿದ್ದರೆ ಕೆಲಸವನ್ನು ಎರಡು ಹಂತ ಮಾಡಿ. ಮೊದಲ ಕರೆಯಲ್ಲಿ ಏನನ್ನೂ ಅಳಿಸದೆ, ಅಳಿಯಲಿರುವ ಟಾಸ್ಕ್‌ಗಳ ಶೀರ್ಷಿಕೆಗಳನ್ನೂ ಉಪಟಾಸ್ಕ್‌ಗಳ ಸಂಖ್ಯೆಯನ್ನೂ ಒಂದು ಟೋಕನ್ನಿನೊಂದಿಗೆ (ಆ ಕರೆಯನ್ನು ಗುರುತಿಸುವ ಸಂಕೇತದೊಂದಿಗೆ) ಹಿಂದಿರುಗಿಸಿ, ಎರಡನೆಯ ಕರೆ ಆ ಟೋಕನ್ ಇದ್ದರೆ ಮಾತ್ರ ನಡೆಯಲಿ. ಐಡಿಗಳ ಸಾಲನ್ನು ನೋಡಿ ಯಾರೂ ಏನನ್ನೂ ಪರಿಶೀಲಿಸಲಾರರು, ಶೀರ್ಷಿಕೆ ಕಂಡರೆ ‘ಅಯ್ಯೋ, ಇದು ಬೇಕು’ ಎನ್ನುತ್ತಾರೆ. ಒಂದು ಎಚ್ಚರ: ಏಜೆಂಟ್ ಟೋಕನ್ ಪಡೆದ ಮರುಕ್ಷಣವೇ ಯಾರನ್ನೂ ಕೇಳದೆ ಎರಡನೆಯ ಕರೆಯನ್ನೂ ತಾನೇ ಮಾಡಿಬಿಡಬಹುದು. ಮರಳಿ ಪಡೆಯುವ ವ್ಯವಸ್ಥೆ ಬರುವವರೆಗೆ ನಾನಾದರೆ ಈ ಟೂಲನ್ನು ಏಜೆಂಟಿಗೆ ಕೊಡುತ್ತಲೇ ಇರಲಿಲ್ಲ.

ಪ್ರಶ್ನೆ ಕೇಳಿದವರು

ಟೂಲನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆದಿದ್ದೇನೆ. ಕಸದ ಬುಟ್ಟಿಯ ಕೋಡ್ ಬರೆದ ಮೇಲೆ ಹೊಸ ವಿವರಣೆಯನ್ನು ಇಲ್ಲೇ ಹಾಕುತ್ತೇನೆ.