ಸಾಕ್ಷ್ಯಚಿತ್ರದಲ್ಲಿ ನಟರು ಬಂದರೆ ಅದನ್ನು ಏನೆನ್ನೋಣ?

ಎಲ್ಲರಿಗೂ ನಮಸ್ಕಾರ,

ಓಟಿಟಿಯಲ್ಲಿ ಸಿಗುವ ಒಳ್ಳೆಯ ಡಾಕ್ಯುಮೆಂಟರಿಗಳನ್ನು ಆರಿಸಿ, ಒಂದೊಂದರ ಬಗ್ಗೆ ನಾಲ್ಕು ಸಾಲು ಬರೆದು ನಮ್ಮ ಓದುಗರ ಬಳಗಕ್ಕೆ ಕಳಿಸುತ್ತಿರುತ್ತೇನೆ. ಬರೆಯುವಾಗ ಒಂದು ಪದದ ತೊಡಕು ಮತ್ತೆ ಮತ್ತೆ ಎದುರಾಗುತ್ತಿದೆ. ಹಿಂದೆ ನಡೆದದ್ದನ್ನು ನಟರಿಂದ ಮತ್ತೆ ಮಾಡಿಸಿ ತೋರಿಸುವುದು ಈಗ ಜಾಸ್ತಿಯಾಗಿದೆ. ಅಂಥ ದೃಶ್ಯಕ್ಕೆ ಸಿನಿಮಾದವರು ‘ರೀಎನಾಕ್ಟ್‌ಮೆಂಟ್’ ಅನ್ನುತ್ತಾರೆ. ಇಡೀ ಚಿತ್ರವೇ ಹಾಗಿದ್ದರೆ ‘ಡಾಕ್ಯುಡ್ರಾಮಾ’. ಕನ್ನಡದಲ್ಲಿ ಇವಕ್ಕೆಲ್ಲ ಸುಮ್ನೆ ‘ಸಾಕ್ಷ್ಯಚಿತ್ರ’ ಅಂತ ಬರೆದುಬಿಡುತ್ತೇವೆ. ಓದುವವರಿಗೆ ಮುಂದೆ ಏನು ನೋಡಲಿದ್ದೇವೆ ಅನ್ನುವುದು ಗೊತ್ತಾಗುವುದಿಲ್ಲ. ಇದಕ್ಕೆ ಸರಿಯಾದ ಪದ ಯಾವುದು ಅನ್ನುವುದು ನನ್ನ ಪ್ರಶ್ನೆ. ನನಗೆ ತೋಚಿದ್ದನ್ನೂ ಬರೆಯುತ್ತೇನೆ, ತಿದ್ದಿ.

ಮೊದಲಿಗೆ ‘ಸಾಕ್ಷ್ಯಚಿತ್ರ’ದ ಪರವಾಗಿ ಒಂದು ಮಾತು. ಅದು ಸಂಸ್ಕೃತದ ಭಾರ, ‘ಡಾಕ್ಯುಮೆಂಟರಿ’ ಅಂದರೆ ಸಾಕಲ್ವಾ ಅನ್ನುವವರಿದ್ದಾರೆ. ಮಾತಿನಲ್ಲಿ ಸಾಕು, ನಾನೂ ಹಾಗೇ ಅನ್ನುತ್ತೇನೆ. ಆದರೆ ಬರವಣಿಗೆಯಲ್ಲಿ ನಮ್ಮ ಪದ ಅಕ್ಕಪಕ್ಕದ ಭಾಷೆಗಳ ಪದಗಳಿಗಿಂತ ಗಟ್ಟಿ ಅಂತ ನನ್ನ ಅಭಿಪ್ರಾಯ. ತಮಿಳಿನವರು ‘ಆವಣಪ್ಪಡಂ’ ಅನ್ನುತ್ತಾರೆ. ಆವಣಂ ಅಂದರೆ ದಾಖಲೆ. ಮರಾಠಿಯವರಿಗೆ ಅದು ‘ಮಾಹಿತಿಪಟ’, ಬಂಗಾಳಿಗಳಿಗೆ ‘ತಥ್ಯಚಿತ್ರ’. ಹಿಂದಿಯ ‘ವೃತ್ತಚಿತ್ರ’ವನ್ನು ಹಾಗೇ ತಂದರೆ ನಮಗೆ ಟ್ರಾಫಿಕ್ ವೃತ್ತ ಕಣ್ಣಿಗೆ ಬರುತ್ತದೆ. ತಮಿಳಿನಂತೆ ನಾವೂ ‘ದಾಖಲೆ ಚಿತ್ರ’ ಅನ್ನೋಣ ಅಂದರೆ ಅದಕ್ಕೂ ತೊಂದರೆ ಇದೆ. ಕನ್ನಡದಲ್ಲಿ ಓಟದಲ್ಲೂ ದಾಖಲೆ, ಗಲ್ಲಾಪೆಟ್ಟಿಗೆಯಲ್ಲೂ ದಾಖಲೆ. ‘ದಾಖಲೆ ಚಿತ್ರ’ ಅಂದರೆ ನೂರು ದಿನ ಓಡಿದ ಸಿನಿಮಾ ಅಂದುಕೊಂಡಾರು.

‘ಸಾಕ್ಷ್ಯ’ದ ಹುಟ್ಟಿನಲ್ಲೇ ಕಣ್ಣಿದೆ. ಅಕ್ಷಿ ಅಂದರೆ ಕಣ್ಣು. ಕಣ್ಣಾರೆ ಕಂಡವನು ಸಾಕ್ಷಿ, ಅವನು ಹೇಳುವುದು ಸಾಕ್ಷ್ಯ. ಕೋರ್ಟಿನಲ್ಲಿ ಈ ಪದದ ಹರವು ಇನ್ನೂ ದೊಡ್ಡದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಹೆಸರಿನಲ್ಲೇ ಈ ಪದ ಇದೆ. ಅಲ್ಲಿ ಬಾಯಿಮಾತೂ ಸಾಕ್ಷ್ಯ, ಕಾಗದಪತ್ರವೂ ಸಾಕ್ಷ್ಯ, ಮೊಬೈಲಿನ ವಿಡಿಯೋ ಕೂಡ ಸಾಕ್ಷ್ಯ. ಒಳ್ಳೆಯ ಡಾಕ್ಯುಮೆಂಟರಿಯಲ್ಲೂ ಇರುವುದು ಇವೇ ಅಲ್ವಾ? ಜನರ ಮಾತು, ಹಳೆಯ ಕಾಗದ, ಹಳೆಯ ತುಣುಕುಗಳು. ಜೊತೆಗೆ ನಮ್ಮಲ್ಲಿ ‘ಸುಳ್ಳುಸಾಕ್ಷಿ’ ಅನ್ನುವ ಮಾತೂ ಇದೆ. ಸಾಕ್ಷಿ ಹೇಳಿದ್ದೆಲ್ಲ ನಿಜ ಅಂತ ಕನ್ನಡಿಗರು ಯಾವತ್ತೂ ನಂಬಿದವರಲ್ಲ. ಡಾಕ್ಯುಮೆಂಟರಿ ನೋಡುವಾಗಲೂ ಆ ಎಚ್ಚರ ಬೇಕು. ‘ತಥ್ಯಚಿತ್ರ’ ಇದು ನಿಜವೇ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತದೆ. ‘ಸಾಕ್ಷ್ಯಚಿತ್ರ’ ತೀರ್ಪನ್ನು ನಮಗೆ ಬಿಡುತ್ತದೆ.

ನೆಟ್‌ಫ್ಲಿಕ್ಸ್‌ನಲ್ಲಿರುವ ‘ದಿ ಹಂಟ್ ಫಾರ್ ವೀರಪ್ಪನ್’ (2023) ಇನ್ನೂ ನೋಡಿಲ್ಲದಿದ್ದರೆ ನೋಡಿ. ನಾಲ್ಕು ಕಂತುಗಳ ಸರಣಿ, ನಿರ್ದೇಶಕರು ಸೆಲ್ವಮಣಿ ಸೆಲ್ವರಾಜ್. ಪೊಲೀಸರು ಹೇಳುವುದು ಒಂದು, ಪತ್ರಕರ್ತರು ಹೇಳುವುದು ಇನ್ನೊಂದು, ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿ ಹೇಳುವುದು ಬೇರೆಯೇ. 1991ರಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್ ಅವರ ಕೊಲೆ, 1993ರ ಪಾಲಾರ್ ನೆಲಬಾಂಬು, 2000ದಲ್ಲಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣ, ಆ 108 ದಿನಗಳು. ಇವೆಲ್ಲ ನಮ್ಮ ಜನ ಮರೆಯದ ಸಂಗತಿಗಳು. ಕರ್ನಾಟಕದಲ್ಲಿ ಬೆಳೆದವರಿಗೆ ಈ ಕಥೆ ಒಂದೇ ಬಾಯಲ್ಲಿ ಕೇಳಿ ರೂಢಿ. ಇಲ್ಲಿ ಬೇರೆ ಬೇರೆ ಬಾಯಲ್ಲಿ ಕೇಳಬೇಕಾಗುತ್ತದೆ. ಇದಕ್ಕೆ ‘ಸಾಕ್ಷ್ಯಚಿತ್ರ ಸರಣಿ’ ಅಂತ ಕಣ್ಣುಮುಚ್ಚಿ ಬರೆಯಬಹುದು.

ತೊಡಕು ಶುರುವಾಗುವುದು ಎರೋಲ್ ಮಾರಿಸ್ ಅವರ ‘ದಿ ಥಿನ್ ಬ್ಲೂ ಲೈನ್’ (1988) ಥರದ ಚಿತ್ರದಲ್ಲಿ. ಇದನ್ನು ಎಲ್ಲಿ ಸಿಕ್ಕರೂ ಹುಡುಕಿ ನೋಡಿ. 1976ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ರಾತ್ರಿ ಹೊತ್ತು ಕಾರು ನಿಲ್ಲಿಸಿದ ಪೊಲೀಸ್ ಒಬ್ಬರನ್ನು ಗುಂಡಿಕ್ಕಿ ಕೊಂದರು. ರ್‍ಯಾಂಡಲ್ ಆಡಮ್ಸ್ ಅನ್ನುವವರಿಗೆ ಮರಣದಂಡನೆ ಆಯಿತು, ಆಮೇಲೆ ಅದು ಜೀವಾವಧಿಗೆ ಇಳಿಯಿತು. ಮಾರಿಸ್ ಆ ರಾತ್ರಿಯನ್ನು ನಟರಿಂದ ಮಾಡಿಸಿದರು. ಒಂದು ಸಲ ಮಾತ್ರ ಅಲ್ಲ, ಮತ್ತೆ ಮತ್ತೆ. ಒಬ್ಬ ಸಾಕ್ಷಿ ಹೇಳಿದಂತೆ ಒಂದು ಸಲ, ಇನ್ನೊಬ್ಬರು ಹೇಳಿದಂತೆ ಇನ್ನೊಂದು ಸಲ. ಕಾರು ನಿಲ್ಲುತ್ತದೆ, ಪೊಲೀಸ್ ನಡೆದು ಬರುತ್ತಾರೆ, ಜೊತೆಗಿದ್ದ ಪೊಲೀಸಿನ ಮಿಲ್ಕ್‌ಶೇಕ್ ಲೋಟ ನಿಧಾನವಾಗಿ ಗಾಳಿಯಲ್ಲಿ ಹಾರುತ್ತದೆ. ಪ್ರತಿ ಸಲವೂ ಏನೋ ಒಂದು ಬೇರೆ. ನೋಡುತ್ತಾ ಹೋದಂತೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಅನ್ನುವುದು ನಮಗೇ ಹೊಳೆಯುತ್ತದೆ. ಮರುವರ್ಷ, 1989ರಲ್ಲಿ, ಆಡಮ್ಸ್ ಬಿಡುಗಡೆಯಾದರು. ನಟರಿದ್ದ ಈ ಚಿತ್ರಕ್ಕೆ ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗದಲ್ಲಿ ನಾಮನಿರ್ದೇಶನವೇ ಸಿಗಲಿಲ್ಲ. ಆದರೆ ಅದು ಒಬ್ಬ ಮನುಷ್ಯನನ್ನು ಜೈಲಿನಿಂದ ಹೊರಗೆ ತರಲು ನೆರವಾಯಿತು. ಇದನ್ನು ಸಾಕ್ಷ್ಯಚಿತ್ರ ಅನ್ನದಿದ್ದರೆ ಯಾವುದನ್ನು ಅನ್ನೋಣ? ನನ್ನ ಮಟ್ಟಿಗೆ ಇದು ಸಾಕ್ಷ್ಯಚಿತ್ರವೇ, ಯಾಕೆಂದರೆ ನಟರು ಮಾಡಿ ತೋರಿಸುವುದು ಸಾಕ್ಷಿಗಳ ಮಾತನ್ನು.

ಇದಕ್ಕೆ ತದ್ವಿರುದ್ಧ ರಾಬರ್ಟ್ ಫ್ಲಾಹರ್ಟಿ ಅವರ ‘ನಾನೂಕ್ ಆಫ್ ದಿ ನಾರ್ತ್’ (1922). ಕೆನಡಾದ ಹಿಮಪ್ರದೇಶದ ಇನುಯಿಟ್ ಜನರ ಬದುಕಿನ ಬಗ್ಗೆ, ನೂರು ವರ್ಷ ದಾಟಿದ ಮೂಕಿ ಚಿತ್ರ, ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇದರಲ್ಲಿ ವೃತ್ತಿನಟರು ಯಾರೂ ಇಲ್ಲ. ಆದರೂ ಹಿಮದ ಮನೆಯೊಳಗೆ ಬೆಳಕು ಸಾಲದೆಂದು ಅರ್ಧ ಮನೆ ಮಾತ್ರ ಕಟ್ಟಿಸಿದರು. ನಾಯಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಆಗಲೇ ಬಂದೂಕು ಬಳಸುತ್ತಿದ್ದ ಜನರಿಂದ ಈಟಿಯ ಬೇಟೆ ಮಾಡಿಸಿದರು. ಅಂದರೆ ನಟರು ಇದ್ದಾರೋ ಇಲ್ಲವೋ ಅನ್ನುವುದರಿಂದ ಗೆರೆ ಎಳೆಯಲು ಆಗುವುದಿಲ್ಲ. ‘ಇದನ್ನು ನಾವು ಮಾಡಿಸಿದ್ದು’ ಅಂತ ನೋಡುವವರಿಗೆ ಹೇಳಿದ್ದಾರೋ ಇಲ್ಲವೋ ಅನ್ನುವುದು ಮುಖ್ಯ. ಅದನ್ನು ಹೇಳಲಿಕ್ಕಾದರೂ ನಮಗೊಂದು ಪದ ಬೇಕು.

‘ರೀಎನಾಕ್ಟ್‌ಮೆಂಟ್’ಗೆ ‘ಮರುಸೃಷ್ಟಿ’ ಅಂತ ಬರೆಯುವುದನ್ನು ನೋಡಿದ್ದೇನೆ. ಅದು ಸೆಟ್ ಹಾಕಿದ್ದಕ್ಕೂ ಆಗುತ್ತದೆ, ಅನುವಾದಕ್ಕೂ ಆಗುತ್ತದೆ. ‘ಅಣಕು ದೃಶ್ಯ’ ಬೇಡವೇ ಬೇಡ. ‘ಅಣಕು’ವನ್ನು ಹುಸಿ ಡಾಕ್ಯುಮೆಂಟರಿಗೆ, ಅಂದರೆ ‘ಮಾಕ್ಯುಮೆಂಟರಿ’ಗೆ ಮೀಸಲಿಡೋಣ. ‘ಅಣಕು ಸಾಕ್ಷ್ಯಚಿತ್ರ’ ಅಂದರೆ ತಕ್ಷಣ ತಿಳಿಯುತ್ತದೆ. ನಡೆದದ್ದನ್ನು ಮತ್ತೆ ಮಾಡುವುದಕ್ಕೆ ನಮ್ಮ ಮಾತಿನಲ್ಲೇ ಒಂದು ರೂಢಿ ಇದೆ: ‘ಹೇಗಾಯ್ತು ಅಂತ ಮಾಡಿ ತೋರಿಸಿದ.’ ಹಾಗಾಗಿ ಪರದೆಯ ಮೇಲೆ ‘ಇದು ಮಾಡಿ ತೋರಿಸಿದ ದೃಶ್ಯ’ ಅಂತ ಹಾಕಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಒಂದೇ ಪದ ಬೇಕು ಅಂದರೆ ‘ಮರುನಟನೆ’.

‘ಡಾಕ್ಯುಡ್ರಾಮಾ’ಕ್ಕೆ ನನ್ನ ಸಲಹೆ ‘ಸಾಕ್ಷ್ಯರೂಪಕ’. ಇದಕ್ಕೆ ದಾರಿ ಹಾಕಿಕೊಟ್ಟವರು ಆಕಾಶವಾಣಿಯವರು. ನಿಜ ಸಂಗತಿಯನ್ನು ದನಿ, ಸಂಗೀತ, ಸಂಭಾಷಣೆ ಸೇರಿಸಿ ಹೇಳುವ ಕಾರ್ಯಕ್ರಮವನ್ನು ಅವರು ‘ರೂಪಕ’ ಅಂತಲೇ ಕರೆದರು. ರೇಡಿಯೋ ಕೇಳಿ ಬೆಳೆದವರಿಗೆ ‘ಬಾನುಲಿ ರೂಪಕ’ ಗೊತ್ತೇ ಇದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ನೃತ್ಯರೂಪಕ, ಗೀತರೂಪಕ ಇದ್ದೇ ಇರುತ್ತವೆ. ವ್ಯಾಕರಣದ ರೂಪಕಾಲಂಕಾರ ನೆನಪಾಗಿ ಗೊಂದಲ ಆದೀತು ಅನ್ನಬಹುದು. ನೃತ್ಯರೂಪಕ ಅಂದಾಗ ಯಾರಿಗೂ ಆ ಗೊಂದಲ ಆಗಿಲ್ಲ.

ಇನ್ನೊಂದು ಉದಾಹರಣೆ ನೋಡಿ. ಅಮೋಘವರ್ಷ ಅವರ ‘ಗಂಧದ ಗುಡಿ’ (2022) ಪ್ರೈಮ್‌ನಲ್ಲಿದೆ. ಅದನ್ನು ಎಷ್ಟೋ ಕಡೆ ಡಾಕ್ಯುಡ್ರಾಮಾ ಅಂತ ಬರೆದಿದ್ದಾರೆ. ಆದರೆ ಪುನೀತ್ ಅಲ್ಲಿ ಬೇರೆಯವರ ಪಾತ್ರ ಮಾಡಿಲ್ಲ. ಪುನೀತ್ ಆಗಿಯೇ ಕಾಡು ಸುತ್ತುತ್ತಾರೆ, ಹೆದರುತ್ತಾರೆ, ನಗುತ್ತಾರೆ. ಅದನ್ನು ‘ಸಾಕ್ಷ್ಯರೂಪಕ’ಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ. ಪ್ರವಾಸ ಕಥನ ನಮ್ಮಲ್ಲಿ ಎಲ್ಲರೂ ಓದುವ ಪ್ರಕಾರ. ಹಾಗಾಗಿ ‘ಪ್ರವಾಸಚಿತ್ರ’ ಅಂದರೆ ಹೆಚ್ಚು ಹೊಂದುತ್ತದೆ. ಡಾಕ್ಯುಮೆಂಟರಿ ಅನ್ನುವ ಪದವನ್ನು ಫ್ರೆಂಚರು ಮೊದಲು ಬಳಸಿದ್ದೂ ಪ್ರವಾಸದ ಚಿತ್ರಗಳಿಗೇ. ಇಂಗ್ಲಿಷಿನಲ್ಲಿ ಅದನ್ನು ಚಲಾವಣೆಗೆ ತಂದ ಜಾನ್ ಗ್ರಿಯರ್ಸನ್ ಈ ಮಾತನ್ನು ತಾವೇ ಹೇಳಿದ್ದಾರೆ.

ಈಗ ನೀವು ಹೇಳಬೇಕು. ‘ಸಾಕ್ಷ್ಯರೂಪಕ’ ಕಿವಿಗೆ ಒಗ್ಗುತ್ತದೆಯೇ? ‘ಮರುನಟನೆ’ಗಿಂತ ಸಲೀಸಾದ ಪದ ನಿಮ್ಮ ಕಡೆ ಇದೆಯೇ? ಯಕ್ಷಗಾನ, ದೊಡ್ಡಾಟದ ನಂಟಿರುವವರು ‘ಆಡಿ ತೋರಿಸು’ವುದಕ್ಕೆ ಏನನ್ನುತ್ತೀರಿ? ಥಿಯೇಟರಿನಲ್ಲಿ ಸಿನಿಮಾಕ್ಕೆ ಮುಂಚೆ ಸರ್ಕಾರದ ಫಿಲ್ಮ್ಸ್ ಡಿವಿಷನ್ ಚಿತ್ರಗಳನ್ನು ಕಡ್ಡಾಯವಾಗಿ ನೋಡಿದ ಹಿರಿಯರು ಇಲ್ಲಿದ್ದೀರಿ. ನಮ್ಮ ಮನೆಯಲ್ಲಿ ಅವನ್ನೆಲ್ಲ ‘ನ್ಯೂಸ್ ರೀಲು’ ಅಂತಲೇ ಕರೆಯುತ್ತಿದ್ದರು. ನಿಮ್ಮಲ್ಲಿ ‘ವಾರ್ತಾಚಿತ್ರ’ ಅನ್ನುವುದು ಮಾತಿನಲ್ಲಿ ಇತ್ತೇ ಅಥವಾ ಬರೀ ಪರದೆಯ ಮೇಲಿತ್ತೇ? ಊರಿನ ಹೆಸರು ಸೇರಿಸಿ ಬರೆಯಿರಿ.