ಝೆಡ್‌ಲಿಬ್ ಮಾದರಿ ಪ್ರೋಗ್ರಾಂ: ದೊಡ್ಡ ಕಡತಗಳ ಕೊನೆಯ ಭಾಗ ಕಾಣೆಯಾಗುತ್ತಿದೆ

ಪ್ರಶ್ನೆ:
ನಮಸ್ಕಾರ. ಕನ್ನಡ ಪಠ್ಯದ ಹಳೆಯ ಕಡತಗಳನ್ನು ಕುಗ್ಗಿಸಿಡಲು ಸಿ ಭಾಷೆಯಲ್ಲಿ ಪ್ರೋಗ್ರಾಂ ಒಂದನ್ನು ಬರೆಯುತ್ತಿದ್ದೇನೆ. ದತ್ತಾಂಶ ಕುಗ್ಗಿಸುವ ಗ್ರಂಥಾಲಯವಾದ ಝೆಡ್‌ಲಿಬ್ (zlib) ಜೊತೆಗೇ ಬರುವ ‘ಝೆಡ್‌ಪೈಪ್’ ಉದಾಹರಣೆಯನ್ನು ಆಧಾರವಾಗಿಟ್ಟುಕೊಂಡಿದ್ದೇನೆ. ಅದರಲ್ಲಿ ಒಂದರೊಳಗೊಂದು ಎರಡು ಲೂಪ್‌ಗಳಿವೆ. ಅದರ ಬಫರ್ ಗಾತ್ರದಷ್ಟು, ಅಂದರೆ 16,384 ಬೈಟ್ ಕೊಟ್ಟರೆ ಕುಗ್ಗಿ ಬರುವುದು ಅದಕ್ಕಿಂತ ಕಡಿಮೆಯೇ ಇರಬೇಕಲ್ಲವೇ ಎಂದುಕೊಂಡು ಒಳಗಿನ ಲೂಪನ್ನು ತೆಗೆದುಹಾಕಿದೆ. ಚಿಕ್ಕ ಕಡತಗಳು ಸರಿಯಾಗಿಯೇ ಮರಳಿ ಬರುತ್ತವೆ. ಕೆಲವು ದೊಡ್ಡ ಕಡತಗಳನ್ನು ಬಿಡಿಸುವಾಗ ಮಾತ್ರ ದತ್ತಾಂಶ ಅಪೂರ್ಣವೆಂಬ ದೋಷ ಬರುತ್ತದೆ. ಅಲ್ಲದೆ, ಕಡತ ಕುಗ್ಗಿಸುವ ಜಿಜಿಪ್ (gzip) ಆಜ್ಞೆಯು ಇವನ್ನು ತನ್ನ ಕಡತಗಳೆಂದು ಒಪ್ಪುವುದೇ ಇಲ್ಲ.

ಉತ್ತರ 1:
ನೀವು ತೆಗೆದುಹಾಕಿದ ಲೂಪ್‌ನಲ್ಲೇ ವಿಷಯವಿದೆ. ಕುಗ್ಗಿಸುವ ಕೆಲಸ ಮಾಡುವ ‘ಡಿಫ್ಲೇಟ್’ (deflate) ಕೊಟ್ಟದ್ದಕ್ಕೆ ಆಗಿಂದಾಗಲೇ ಪ್ರತಿಫಲ ಕೊಡುವುದಿಲ್ಲ. ಅದು ಒಳಗೇ ಕೂಡಿಹಾಕಿಕೊಂಡು, ಆರಂಭದ ಕೆಲವು ಕರೆಗಳಿಗೆ ಎರಡು ಬೈಟ್‌ಗಳ ತಲೆಬರಹವನ್ನಷ್ಟೇ ಹೊರಹಾಕಿ, ಆಮೇಲೆ ಒಂದು ಬ್ಲಾಕ್ ತುಂಬಿದಾಗ 16,384 ಬೈಟ್‌ಗಳನ್ನೂ ಮೀರುವಷ್ಟನ್ನು ಒಮ್ಮೆಗೇ ಕೊಡಬಹುದು. ಹೊರ ಬಫರ್‌ನಲ್ಲಿ ಉಳಿದ ಜಾಗವನ್ನು ಹೇಳುವ ‘ಅವೈಲ್ ಔಟ್’ (avail_out) ಸೊನ್ನೆಯಾಗಿದ್ದರೆ ಇನ್ನೂ ಬಾಕಿ ಇರಬಹುದೆಂದು ಅರ್ಥ. ಅದು ಸೊನ್ನೆಯಲ್ಲದಾಗುವ ತನಕ ಮತ್ತೆ ಮತ್ತೆ ಕರೆಯುವುದೇ ಒಳಗಿನ ಲೂಪ್‌ನ ಕೆಲಸ. ನಡುವೆ ಉಳಿದದ್ದು ಮುಂದಿನ ಕರೆಯಲ್ಲಿ ಹೊರಬರುತ್ತದೆ, ಆದರೆ ದತ್ತಾಂಶ ಮುಗಿಯಿತೆಂದು ತಿಳಿಸುವ ‘ಝೆಡ್ ಫಿನಿಷ್’ (Z_FINISH) ಕೊಟ್ಟ ಕೊನೆಯ ಕರೆಯ ನಂತರ ಉಳಿದದ್ದನ್ನು ಕೇಳುವವರೇ ಇರುವುದಿಲ್ಲ. ಅಂದ ಹಾಗೆ, ಹೊರ ಬಫರ್ ಸರಿಯಾಗಿ ತುಂಬಿ ಮುಗಿದಿದ್ದರೆ ಮರುಕರೆಯಲ್ಲಿ ‘ಝೆಡ್ ಬಫ್ ಎರರ್’ (Z_BUF_ERROR) ಬರಬಹುದು. ಅದು ಮಾರಕ ದೋಷವಲ್ಲ, ಗಾಬರಿಯಾಗಬೇಡಿ.

ಉತ್ತರ 2:
ಜಿಜಿಪ್ ವಿಷಯ ಬೇರೆ. ಒಳಗಿನ ಡಿಫ್ಲೇಟ್ ದತ್ತಾಂಶ ಒಂದೇ ಆದರೂ ಹೊದಿಕೆಗಳು ಎರಡು: ಝೆಡ್‌ಲಿಬ್ ಹೊದಿಕೆಯ ಕೊನೆಯಲ್ಲಿ ಆಡ್ಲರ್-32 ಎಂಬ ತಪ್ಪು ಪತ್ತೆಹಚ್ಚುವ ಮೊತ್ತ ಇರುತ್ತದೆ, ಜಿಜಿಪ್ ಹೊದಿಕೆಯಲ್ಲಿ ಅಂಥದೇ ಸಿಆರ್‌ಸಿ-32 ಮತ್ತು ಮೂಲದ ಉದ್ದ. ಝೆಡ್‌ಪೈಪ್ ಮೊದಲನೆಯದನ್ನು ಬರೆಯುತ್ತದೆ. ‘ಡಿಫ್ಲೇಟ್‌ಇನಿಟ್2’ (deflateInit2) ಬಳಸಿ ಅದರ ‘ವಿಂಡೋಬಿಟ್ಸ್’ (windowBits) ಜಾಗದಲ್ಲಿ 15ಕ್ಕೆ 16 ಕೂಡಿಸಿ 31 ಕೊಟ್ಟರೆ ಜಿಜಿಪ್ ಕಡತವೇ ಸಿಗುತ್ತದೆ. ಬಿಡಿಸುವಾಗ ವಿಂಡೋಬಿಟ್ಸ್‌ಗೆ 47 ಕೊಟ್ಟರೆ ಎರಡನ್ನೂ ಅದೇ ಗುರುತಿಸುತ್ತದೆ. ನಿಮ್ಮ ಅಗತ್ಯ ಇಷ್ಟೇ ಆಗಿದ್ದರೆ, ನನ್ನ ಮಟ್ಟಿಗೆ, ಇದಾವುದೂ ಬೇಡ. ಝೆಡ್‌ಲಿಬ್‌ನದೇ ‘ಜಿಝೆಡ್‌ಓಪನ್’ (gzopen), ‘ಜಿಝೆಡ್‌ರೈಟ್’ (gzwrite), ‘ಜಿಝೆಡ್‌ಕ್ಲೋಸ್’ (gzclose) ಸಾಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಲೂಪನ್ನು ಮರಳಿ ಸೇರಿಸಿದೆ, ಈಗ ಕಡತಗಳು ಪೂರ್ಣವಾಗಿ ಬರುತ್ತಿವೆ. ಆದರೆ ಬಿಡಿಸಿದ ಒಂದೊಂದು ತುಂಡನ್ನೂ ಪ್ರತ್ಯೇಕ ಪಠ್ಯವಾಗಿ ಪರದೆಯ ಮೇಲೆ ತೋರಿಸುವಾಗ, ಅಲ್ಲೊಂದು ಇಲ್ಲೊಂದು ಅಕ್ಷರ ಮುರಿದು ಪ್ರಶ್ನಾರ್ಥಕ ಚಿಹ್ನೆಯಾಗುತ್ತಿದೆ.

ಉತ್ತರ 1:
ಅದು ಗ್ರಂಥಾಲಯದ ತಪ್ಪಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, 16,384 ಮೂರರಿಂದ ಭಾಗವಾಗುವುದಿಲ್ಲ. ಪಠ್ಯದ ನಡುವಿನ ಖಾಲಿ ಜಾಗ ಮತ್ತು ಇಂಗ್ಲಿಷ್ ಅಂಕಿಗಳಿಗೆ ಒಂದೊಂದೇ ಬೈಟ್ ಆದ್ದರಿಂದ ತುಂಡಿನ ಅಂಚು ಎಲ್ಲಿ ಬೇಕಾದರೂ ಬೀಳಬಹುದು. ಕಡತಕ್ಕೆ ಬರೆಯುವಾಗ ಇದರಿಂದ ತೊಂದರೆಯಿಲ್ಲ. ಪರದೆಗೆ ಕಳುಹಿಸುವ ಮುನ್ನ ಮಾತ್ರ ತುಂಡಿನ ತುದಿಯಲ್ಲಿ ಅಪೂರ್ಣವಾಗಿ ಉಳಿದ ಒಂದೆರಡು ಬೈಟ್‌ಗಳನ್ನು ತೆಗೆದಿಟ್ಟು, ಮುಂದಿನ ತುಂಡಿನ ಆರಂಭಕ್ಕೆ ಸೇರಿಸಿ.